ಬೆರಳಿನ ಯಂತ್ರ ಮತ್ತು ಉಬ್ಬದ ಇಡ್ಲಿ

ನನ್ನ ಬಲಗೈ ತೋರುಬೆರಳಿಗೆ ಕೆಲವು ತಿಂಗಳಿಂದ ಒಂದು ಪ್ಲಾಸ್ಟಿಕ್ ಉಂಗುರ ಬಂದಿದೆ. ಅದರ ಮೇಲೊಂದು ಪುಟ್ಟ ಕಿಟಕಿ, ಕಿಟಕಿಯಲ್ಲಿ ಐದು ಅಂಕಿ, ಪಕ್ಕದಲ್ಲಿ ಒಂದು ಗುಂಡಿ. ರಾಮ ಎಂದು ಒತ್ತಿದರೆ ಒಂದು ಏರುತ್ತದೆ. ರಾಮ ಎನ್ನದೆ ಒತ್ತಿದರೂ ಒಂದು ಏರುತ್ತದೆ. ಇದು ನನಗೆ ಮೊದಲ ದಿನವೇ ಗೊತ್ತಾಯಿತು. ಗೊತ್ತಾದ ಮೇಲೂ ತೆಗೆದಿಡಲಿಲ್ಲ ಎಂಬುದನ್ನು ನಿಮ್ಮಲ್ಲಿ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಛತ್ರಪತಿ ಸಂಭಾಜಿನಗರದಲ್ಲಿ ನನ್ನದೊಂದು ಸಣ್ಣ ಹೋಟೆಲು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಾನು ಟಿಕ್ ಟಿಕ್ ಅನ್ನಿಸುವುದನ್ನು ನೋಡಿ, ದಿನಾ ಚಹಾಕ್ಕೆ ಬರುವ ಮಾಸ್ತರರೊಬ್ಬರು, "ಅಣ್ಣಾ, ಆಜ್ ಕಿತಿ ಡೋಸೆ ಝಾಲೆ?" ಎಂದು ಕೇಳಿದರು. ಇವತ್ತು ಎಷ್ಟು ದೋಸೆ ಆಯಿತು ಅಂತ. ದೋಸೆ ಮಾರುವವನಿಗೆ ಈ ಕಡೆ ಅಣ್ಣಾ ಎಂಬುದೊಂದೇ ಹೆಸರು, ಅವನು ಎಣಿಸುವುದಿದ್ದರೆ ದೋಸೆಯನ್ನೇ ಎಣಿಸಬೇಕು. ಜಪ ಎಂದೆ. ಅವರು ನನ್ನ ಮುಖವನ್ನೂ ಹೊಟ್ಟೆಯನ್ನೂ ಒಮ್ಮೆ ನೋಡಿ ಚಹಾ ಕುಡಿದು ಹೋದರು.

ಯಂತ್ರ ತರಿಸಿಕೊಟ್ಟವಳು ಮಗಳು. ಇಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಮೊದಲು ಮರಾಠಿಯೇ ಬರುತ್ತದೆ. ನಾನು ಎರಡನೆಯ ಸಲ ಜಪಮಾಲೆ ಕಳೆದುಕೊಂಡಾಗ, "ಅಪ್ಪಾ, ಹೇ ಘೇ, ತಗೋ. ಇದು ಬೆರಳಿಗೇ ಇರ್ತದೆ ನಾ, ಕಳೆಯೋದಿಲ್ಲ" ಎಂದು ತಾನೇ ತೊಡಿಸಿದಳು. ಯಂತ್ರ ಕಳೆಯಲಿಲ್ಲ, ನಿಜ. ಮನಸ್ಸು ಕಳೆದುಹೋದರೆ ಹುಡುಕಿಕೊಡುವ ಗುಂಡಿ ಅದರಲ್ಲಿಲ್ಲ.

ಮಾಲೆಯಲ್ಲಿ ಒಂದು ಉಪಾಯವಿತ್ತು. ನೂರೆಂಟು ಮಣಿ ಮುಗಿದ ಮೇಲೆ ಮೇರು ಎಂಬ ದೊಡ್ಡ ಮಣಿ ಸಿಗುತ್ತದೆ. ಅದನ್ನು ದಾಟುವಂತಿಲ್ಲ, ಮಾಲೆಯನ್ನು ತಿರುಗಿಸಿ ಬಂದ ದಾರಿಯಲ್ಲೇ ಹಿಂದೆ ಹೋಗಬೇಕು. ಆ ತಿರುಗಿಸುವ ಕ್ಷಣದಲ್ಲಿ ಎಂಥ ಮರೆಗುಳಿಗೂ ತಾನು ಏನು ಮಾಡುತ್ತಿದ್ದೇನೆಂದು ನೆನಪಾಗುತ್ತದೆ. ಮಾಲೆ ಇಲ್ಲದವರು ಬೆರಳಿನ ಗೆಣ್ಣು ಎಣಿಸಿದರು, ಹುಣಸೆಬೀಜ ಇಟ್ಟುಕೊಂಡರು. ದೇವರ ಮೇಲೆ ಪೂರ್ಣ ನಂಬಿಕೆ ಇದ್ದವರಿಗೂ ತಮ್ಮ ನೆನಪಿನ ಮೇಲೆ ನಂಬಿಕೆ ಇರಲಿಲ್ಲವೆಂದು ಕಾಣುತ್ತದೆ. ನನ್ನ ಯಂತ್ರಕ್ಕೆ ಮೇರು ಇಲ್ಲ. ಬಸ್ಸಿನಲ್ಲಿ ಕೂತವನಂತೆ ನಾನು ತೂಕಡಿಸಿದರೂ ಅದು ಮುಂದೆ ಹೋಗುತ್ತಲೇ ಇರುತ್ತದೆ.

ನಮ್ಮ ಅಪ್ಪನ ಜಪಕ್ಕೆ ಮಾಲೆಯೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಕುಂದಾಪುರ ಕಡೆಯಿಂದ ನಾಸಿಕ್‌ಗೆ ಬಂದು ಹೋಟೆಲು ಇಟ್ಟ ವರ್ಷ, ರಾಮ ಇದ್ದ ಊರಿಗೆ ಬಂದಿದ್ದೇನೆ ಎಂಬ ಉಮೇದಿನಲ್ಲಿ ಅವರು ಕೋಟಿ ರಾಮನಾಮದ ಸಂಕಲ್ಪ ಮಾಡಿಬಿಟ್ಟರು. ಆಮೇಲೆ ನೋಡಿದರೆ ಕೂತು ಜಪಿಸಲು ಪುರಸೊತ್ತಿಲ್ಲ. ಅದಕ್ಕೆ ಅವರೇ ಒಂದು ದಾರಿ ಕಂಡುಕೊಂಡರು. ಬೆಳಗ್ಗೆ ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ಯುವಾಗ ಗುಳಿಗೆ ಒಂದು ನಾಮ. ಸೌಟು ಬಗ್ಗಿತು, ರಾಮ. ಮುಂದಿನ ಗುಳಿ, ರಾಮ. ಒಂದು ಪಾತ್ರೆ ತುಂಬಿ ಉಗಿಗೆ ಹೋದರೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು. ದಿನಕ್ಕೆ ಹೆಚ್ಚುಕಡಿಮೆ ಸಾವಿರ ಇಡ್ಲಿ. ಕುಂಭಮೇಳದ ವರ್ಷ ಜನ ಗೋದಾವರಿಯಲ್ಲಿ ಮುಳುಗಿ ಪುಣ್ಯ ಮಾಡಿಕೊಂಡರೆ, ಅಪ್ಪ ಅವರಿಗೆ ಇಡ್ಲಿ ಬೇಯಿಸಿಯೇ ಅವರಿಗಿಂತ ಹೆಚ್ಚು ಮಾಡಿಕೊಂಡರು.

ಇದರಲ್ಲಿ ಒಂದು ಕಟ್ಟುನಿಟ್ಟು ಇತ್ತು. ನಾಸಿಕ್‌ನ ಚಳಿಗಾಲ ದ್ರಾಕ್ಷಿಗೆ ಒಳ್ಳೆಯದಿರಬಹುದು, ಇಡ್ಲಿ ಹಿಟ್ಟಿಗೆ ಅಲ್ಲ. ಕೆಲವು ದಿನ ಹಿಟ್ಟು ಹುಳಿಯೇ ಬರುತ್ತಿರಲಿಲ್ಲ. ಇಡ್ಲಿ ಬಿಲ್ಲೆಯಂತೆ ಚಪ್ಪಟೆಯಾಗಿ ಏಳುತ್ತಿತ್ತು. ಆವತ್ತು ಅಪ್ಪ ಒದ್ದೆ ಬಟ್ಟೆ ತಂದು ಆ ದಿನದ ಅಷ್ಟೂ ಗೀಟು ಒರೆಸಿಬಿಡುತ್ತಿದ್ದರು. ನಾನು ಒಮ್ಮೆ, "ನಾಮ ಹೇಳಿದ್ದು ಹೇಳಿದ್ದೇ ಅಲ್ವಾ ಅಪ್ಪ? ಇಡ್ಲಿ ಉಬ್ಬದಿದ್ರೆ ರಾಮನದ್ದೆಂತ ತಪ್ಪು?" ಎಂದು ಕೇಳಿದ್ದೆ.

"ತಪ್ಪು ನಂದು. ಹಿಟ್ಟಿನ ಮೇಲೆ ಗಮನ ಇರ್ಲಿಲ್ಲ ಅಂದ್ರೆ ನಾಮದ ಮೇಲೂ ಇರ್ಲಿಲ್ಲ ಅಂತಲೇ" ಎಂದರು.

ಆ ಅಡುಗೆಮನೆಯ ಉಗಿ, ಆ ಕರಿ ಗೀಟುಗಳ ಗೋಡೆ, ಹಿಟ್ಟು ಬೀಳುವ ಸದ್ದಿನ ನಡುವೆ ಅಪ್ಪನ ತುಟಿಯ ಅಲುಗಾಟ ಇವೆಲ್ಲ ಈಗಲೂ ನನ್ನನ್ನು ಬೆಳಗಿನ ಹೊತ್ತು ಕಾಡುತ್ತವೆ. ಈಗ ಅಲ್ಲಿ ಟೈಲ್ಸ್ ಹಾಕಿದ್ದಾರೆ. ಹೋಟೆಲನ್ನು ತಮ್ಮ ನೋಡಿಕೊಳ್ಳುತ್ತಾನೆ, ಅಮ್ಮ ಅವನ ಜೊತೆಗಿದ್ದಾಳೆ.

ಅಪ್ಪ ತೀರಿಕೊಂಡಾಗ ಕೋಟಿಗೆ ಎರಡು ಲಕ್ಷ ಬಾಕಿಯಿತ್ತು. ಅಮ್ಮ ಅದನ್ನು ಕೈಗೆತ್ತಿಕೊಂಡು ಬೆರಳಿನ ಗೆಣ್ಣುಗಳಲ್ಲಿ ಎಣಿಸುತ್ತ ಬಂದಳು. ಎಂಬತ್ತು ಸಾವಿರ ಉಳಿದಿದೆ ಅನ್ನುವಾಗ ಸಂಧಿವಾತದಿಂದ ಬೆರಳು ಮಡಚದಾಯಿತು. "ಉಳಿದದ್ದು ನೀನು ಮಾಡು ಮಗ" ಎಂದಳು. ಹಾಗೆ ಈ ಉಂಗುರ ಬಂತು. ದಿನಕ್ಕೆ ಐನೂರು. ಸಂಜೆ ಏಳಕ್ಕೆ ನಾನು ನಾಸಿಕ್‌ಗೆ ಫೋನ್ ಮಾಡಬೇಕು, ಅವಳು "ಎಷ್ಟಾಯ್ತು?" ಎನ್ನಬೇಕು, ನಾನು ಹೇಳಬೇಕು. ಆಮೇಲೆ ಮಾತು ಮಂಡಿನೋವಿಗೆ, ಮೊಮ್ಮಗಳ ಮರಾಠಿಗೆ, ಯೇವಲಾದಲ್ಲಿ ಅಪ್ಪ ಕೊಡಿಸಿದ ಪೈಠಣಿ ಸೀರೆಗೆ ಹೋಗುತ್ತಿತ್ತು. ಮೊದಲು ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುತ್ತಿದ್ದ ಮಗ ನಾನು. ನಾಚಿಕೆಯ ಮಾತು, ಆದರೂ ನಿಜ.

ಎಪ್ಪತ್ತು ಸಾವಿರ ದಾಟಿದ ದಿನ ಅಮ್ಮ ಸಲೀಸಾಗಿ, "ಇದೊಂದು ಮುಗಿದ್ರೆ ನಂದೆಂತ ಉಂಟು, ಹೊರಡಬಹುದು" ಎಂದಳು. ಬಸ್ಸಿಗೆ ಹೊರಡುವವಳ ಹಾಗೆ. ಫೋನ್ ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ.

ಮರುದಿನದಿಂದ ನಾನು ಸುಳ್ಳು ಹೇಳತೊಡಗಿದೆ. ಜಪದ ಲೆಕ್ಕದಲ್ಲಿ ಹೆಚ್ಚು ಹೇಳುವವರು ಇರಬಹುದು. ಕಡಿಮೆ ಹೇಳಿದ ಕಳ್ಳ ನಾನೊಬ್ಬನೇ ಇರಬೇಕು. ಐನೂರು ಮಾಡಿ ಇನ್ನೂರೈವತ್ತು ಎಂದೆ. ಹೋಟೆಲಲ್ಲಿ ಗಿರಾಕಿ ಜಾಸ್ತಿ ಎಂದೆ, ಯಂತ್ರದ ಸೆಲ್ಲು ಹೋಯಿತು ಎಂದೆ. ಎಂಬತ್ತು ಸಾವಿರ ದಾಟಿದ ಮೇಲೂ ಜಪ ನಿಲ್ಲಿಸಲು ಮಾತ್ರ ಧೈರ್ಯ ಬರಲಿಲ್ಲ. ಅದು ಅಪ್ಪನದು.

ಒಂದು ಸಂಜೆ ಅಮ್ಮ, "ನೀನೊಮ್ಮೆ ಬಂದು ಹೋಗು, ಆ ಯಂತ್ರ ನೋಡಬೇಕು" ಎಂದಳು. ಹೋದೆ. ಹೋಟೆಲಿನ ಹಿಂದಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಕೈ ಚಾಚಿದಳು, ನಾನು ಉಂಗುರ ತೆಗೆದು ಕೊಟ್ಟೆ. ನಾನು ಎಷ್ಟು ಸುಳ್ಳು ಹೇಳಿದರೂ ಅದರ ಕಿಟಕಿ ನಿಜವನ್ನೇ ತೋರಿಸುತ್ತದೆ ಎಂಬುದು ನನ್ನ ತಲೆಗೆ ಹೊಳೆದದ್ದು ಅದು ಅವಳ ಕೈಗೆ ಹೋದ ಮೇಲೆ.

ಅಮ್ಮ ಕನ್ನಡಕ ಏರಿಸಿ ಒಂದೊಂದೇ ಅಂಕಿ ಓದಿದಳು. "ಎಂಬತ್ತನಾಲ್ಕು ಸಾವಿರ. ನಿನ್ನೆ ನೀನು ಹೇಳಿದ್ದು ಎಪ್ಪತ್ತೇಳು."

ನಾನು ನೆಲ ನೋಡಿದೆ. ಐವತ್ತೆಂಟು ವರ್ಷದ ಗಂಡಸು, ಇಡ್ಲಿ ಕದ್ದು ಸಿಕ್ಕಿಬಿದ್ದವನ ಹಾಗೆ ನಿಂತಿದ್ದೆ. "ಮುಗಿದ್ರೆ ಹೊರಡ್ತೇನೆ ಅಂತ ನೀನು ಹೇಳಿದ್ದಲ್ವಾ" ಎಂದೆ.

ಅವಳು ಉಂಗುರವನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದಳು. ಆಮೇಲೆ ಕೇಳಿದಳು: "ಇದರಲ್ಲಿ ಉಬ್ಬದ ಇಡ್ಲಿ ಎಷ್ಟು?"

ಗಲ್ಲಾಪೆಟ್ಟಿಗೆ, ಮಾಸ್ತರರು, ಗಿರಾಕಿಗಳು, ತೂಕಡಿಕೆ ಎಲ್ಲ ನೆನಪಾಯಿತು. ಈ ಪ್ರಶ್ನೆಗೆ ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ. "ಅರ್ಧ" ಎಂದೆ.

"ಹಾಗಾದ್ರೆ ಅರ್ಧ ಒರೆಸು. ನಿನ್ನಪ್ಪ ಒರೆಸ್ತಿದ್ದರು." ಅವಳ ಬೆರಳಿಗೆ ಗುಂಡಿ ಒತ್ತಲಾಗಲಿಲ್ಲ. ಯಂತ್ರಕ್ಕೆ ಅರ್ಧ ಒರೆಸಲು ಬರುವುದಿಲ್ಲ; ಅವಳ ಬೆರಳ ಮೇಲೆ ನನ್ನ ಬೆರಳಿಟ್ಟು ಒತ್ತಿ ಹಿಡಿದು ಸೊನ್ನೆ ಮಾಡಿದೆ. "ಎಂಬತ್ತರಲ್ಲಿ ನಲವತ್ತೆರಡು ಆಯ್ತು, ಇನ್ನೂ ಮೂವತ್ತೆಂಟು ಸಾವಿರ ಉಂಟು" ಎಂದು ಅವಳೇ ಲೆಕ್ಕ ಹೇಳಿದಳು. ಮುಖದಲ್ಲಿ ಬೇಸರವೇನೂ ಕಾಣಲಿಲ್ಲ.

ಮರುದಿನ ಸಂಜೆ ಏಳಕ್ಕೆ ಸಂಭಾಜಿನಗರದಿಂದ ಫೋನ್ ಮಾಡಿದೆ.

"ಎಷ್ಟಾಯ್ತು?"

"ಇನ್ನೂರು."

"ಉಬ್ಬಿದ್ದು?"

"ಅರವತ್ತು ಇರಬಹುದು."

"ಸಾಕು ಮಾರಾಯ" ಎಂದಳು ಅಮ್ಮ, "ನನಗೇನೂ ಅವಸರ ಇಲ್ಲ."