ಕರಿಬಸಮ್ಮ ಮಗಳ ಮೈಯಿಂದ ದೇವರನ್ನು ಬಿಡಿಸಲು ಹೋದದ್ದು

ಕರಿಬಸಮ್ಮ ಇನ್ನೂ ಒಂಬತ್ತು ವರ್ಷದ ಹುಡುಗಿಯಾಗಿದ್ದಾಗ, ಜಗಳೂರು ಸೀಮೆಯ ಅವಳ ಊರಿನಲ್ಲಿ ಅವಳ ತಾಯಿಯನ್ನು ಹೊಡೆದು ಕೊಂದರು. ಕೊಂದೆವೆಂದು ಯಾರೂ ಒಪ್ಪಲಿಲ್ಲ. ಜ್ವರ ನೆತ್ತಿಗೇರಿ ತಾಯಿ ಬಡಬಡಿಸುತ್ತಿದ್ದಳು. ಗಾಳಿ ಸೋಕಿದೆ ಎಂದು ಅಜ್ಜಿ ದೆವ್ವ ಬಿಡಿಸುವ ಪೂಜಾರಿಯನ್ನು ಕರೆಸಿದಳು. ಅವನು ಬರುವಾಗಲೇ ಹಸಿ ಹುಣಸೆ ಬರಲು ಮುರಿದುಕೊಂಡು ಬಂದಿದ್ದ. “ಕಾಲು ಗಟ್ಟಿಯಾಗಿ ಹಿಡ್ಕಳೇ” ಎಂದಳು ಅಜ್ಜಿ. ಕರಿಬಸಮ್ಮ ಹಿಡಿದುಕೊಂಡಳು. “ಬಿಟ್ಟು ಹೋಗ್ತೀಯೋ ಇಲ್ಲೋ? ಹೇಳು, ಬಿಟ್ಟು ಹೋಗ್ತೀಯೋ ಇಲ್ಲೋ?” ಎಂದು ಪೂಜಾರಿ ಬಾರಿಸುತ್ತಲೇ ಇದ್ದ. ತಾಯಿಯ ಪಾದಗಳು ಮಗಳ ಕೈಯಲ್ಲಿ ಒದ್ದಾಡಿ ಒದ್ದಾಡಿ ಕೊನೆಗೆ ಸುಮ್ಮನಾದವು. ದೆವ್ವ ಹೋಯಿತು ಎಂದು ಪೂಜಾರಿ ಬೆವರು ಒರೆಸಿಕೊಂಡ. ಬೆಳಗಾಗುವುದರೊಳಗೆ ತಾಯಿಯೂ ಹೋದಳು.

ಮಣ್ಣು ಮಾಡಿ ಬಂದ ದಿನ ಕರಿಬಸಮ್ಮ ಕಲ್ಲು ತೂರಿ ಆ ಪೂಜಾರಿಯ ಹಣೆ ಒಡೆದಳು. ಅದಕ್ಕೆ ಅಪ್ಪ ಅವಳನ್ನು ಕಂಬಕ್ಕೆ ಕಟ್ಟಿ ಹೊಡೆದ. ಅಲ್ಲಿಂದ ಮುಂದೆ ಅವಳು ಯಾವ ದೇವರಿಗೂ ಕೈ ಮುಗಿಯಲಿಲ್ಲ.

ತ್ಯಾವಣಿಗೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಚಿಕ್ಕಹನುಮಂತಪ್ಪ ಅವಳಿಗೆ ತಕ್ಕ ಗಂಡ. ಹೆಸರಿನಲ್ಲಿ ಬಿಟ್ಟರೆ ಅವನಲ್ಲಿ ಬೇರೆಲ್ಲೂ ದೇವರಿರಲಿಲ್ಲ. ಅಂಬೇಡ್ಕರ್ ಫೋಟೋದ ಮುಂದೆ ಹಾರ ಬದಲಾಯಿಸಿಕೊಂಡು ಮದುವೆಯಾದರು. ಅಂಗಡಿಯ ಪಕ್ಕದಲ್ಲೇ ಅವಳು ಮಿರ್ಚಿ ಬಜ್ಜಿಯ ಗಾಡಿ ಇಟ್ಟಳು. ಮನೆಯಲ್ಲಿ ದೀಪವಿಲ್ಲ, ಊದುಬತ್ತಿಯಿಲ್ಲ. ಒಂದು ಸಲ ಹಬ್ಬದ ಚಂದಾ ಕೇಳಲು ಬಂದ ಹುಡುಗರು, ಕೊಡುವುದಿಲ್ಲ ಎಂದಿದ್ದಕ್ಕೆ ಗಾಡಿಗೆ ಒದ್ದರು. ಕುದಿಯುವ ಎಣ್ಣೆ ಚೆಲ್ಲಿ ಅವಳ ಮೊಣಕೈವರೆಗೆ ಚರ್ಮ ಸುಲಿದುಹೋಯಿತು. ಆ ಕೈಯಲ್ಲೇ ಬಜ್ಜಿ ಎತ್ತುವ ಜಾಲರಿ ಸೌಟು ಬೀಸಿ, ಅವರಲ್ಲಿ ಕೊಟ್ರೇಶ್ ಎಂಬುವವನ ಕಿವಿ ಹರಿದಳು. ಆಮೇಲೆ ಅವಳ ಗಾಡಿಯ ಹತ್ತಿರ ಚಂದಾಕ್ಕೆ ಯಾರೂ ಬರಲಿಲ್ಲ.

ಒಬ್ಬಳೇ ಮಗಳು ಅರ್ಪಿತಾ. “ದೇವ್ರು ಅಂದ್ರೆ ಹೊಡೆಯೋರ ಕೈಯಾಗಿನ ಕೋಲು, ಅಷ್ಟೇ ಕಣೇ” ಎಂದು ಹೇಳಿಯೇ ಅವಳನ್ನು ಬೆಳೆಸಿದ್ದರು. ಹುಡುಗಿ ಹೊನ್ನಾಳಿಯ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಳು. ಅಲ್ಲಿ ದುರ್ಗಾಂಬಿಕಾ ಎಂಬ ತಾಂಡಾದ ಹುಡುಗಿಯ ಗೆಳೆತನವಾಯಿತು. ಅವಳ ಜೊತೆ ಒಂದು ಭಾನುವಾರ ಸಂತ ಸೇವಾಲಾಲರ ಗುಡಿಯಿರುವ ಸೂರಗೊಂಡನಕೊಪ್ಪಕ್ಕೆ ಹೋಗಿದ್ದ ಅರ್ಪಿತಾ, ಆಮೇಲೆ ಒಬ್ಬಳೇ ಹೋಗತೊಡಗಿದಳು.

ರಜೆಗೆ ಮನೆಗೆ ಬಂದ ದಿನ ಕರಿಬಸಮ್ಮ ಮಗಳಿಗೆಂದು ಮಟನ್ ಸಾರು ಮಾಡಿದ್ದಳು. ಅರ್ಪಿತಾ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

“ಯಾಕೇ, ಹುಷಾರಿಲ್ವೇನೇ?”

“ಹುಷಾರಾಗಿದೀನವ್ವ. ನಾನು ಮಾಂಸ ಬಿಟ್ಟಿದೀನಿ.” ಚೂಡಿದಾರದ ಕುತ್ತಿಗೆಯೊಳಗಿಂದ ಮಾಲೆಯೊಂದನ್ನು ಹೊರಗೆ ತೆಗೆದಳು. “ಸೇವಾಲಾಲರ ಮಾಲೆ ಹಾಕ್ಕಂಡಿದೀನಿ. ನಿಮ್ಮತ್ರ ಮುಚ್ಚಿಡಾಕೆ ಮನಸ್ಸು ಬರ್ಲಿಲ್ಲ.”

ಚಿಕ್ಕಹನುಮಂತಪ್ಪನ ಕೈಯ ತುತ್ತು ಕೈಯಲ್ಲೇ ಉಳಿಯಿತು. “ಯಾರು ತಲೆ ಕೆಡ್ಸಿದ್ರು ನಿಂಗೆ?”

“ಯಾರೂ ಕೆಡ್ಸಿಲ್ಲಪ್ಪ. ಅಲ್ಲಿ ಕೂತ್ರೆ ನಂಗೆ ಅಳು ಬರ್ತೈತೆ. ಅತ್ತ ಮ್ಯಾಲೆ ಹಗುರ ಆಗ್ತೈತೆ. ಅದನ್ನ ಹೆಂಗೆ ಹೇಳ್ಬೇಕೋ ಗೊತ್ತಿಲ್ಲ.”

“ನಮ್ಮವ್ವನ್ನ ಕೊಂದೋರಿಗೂ ಹಂಗೇ ಹಗುರ ಆಗಿತ್ತು” ಎಂದಳು ಕರಿಬಸಮ್ಮ. “ತೆಗಿ ಅದನ್ನ.”

“ತೆಗೆಯಲ್ಲವ್ವ.”

ಕರಿಬಸಮ್ಮ ಕೈ ಹಾಕಿ ಎಳೆದಳು. ಮಾಲೆ ಹರಿದು ಮಣಿಗಳು ಸಾರಿನ ಪಾತ್ರೆಗೆ, ನೆಲಕ್ಕೆ ಚೆಲ್ಲಿದವು. ಅರ್ಪಿತಾ ಬಗ್ಗಿ ಒಂದೊಂದೇ ಆರಿಸಿಕೊಳ್ಳತೊಡಗಿದಳು. ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು, ಮೆಲ್ಲಗೆ, ಮಗುವನ್ನು ಮಲಗಿಸುವ ಹಾಗೆ. ಆ ಪ್ರಾರ್ಥನೆ ಕಿವಿಗೆ ಬಿದ್ದದ್ದೇ ತಡ, ಕರಿಬಸಮ್ಮನ ಮೈಯೆಲ್ಲ ಹೊತ್ತಿಕೊಂಡಿತು. ಮೂಲೆಯಲ್ಲಿ ಬಟ್ಟೆ ಒಗೆಯುವ ಕೋಲಿತ್ತು. ಮೊದಲ ಏಟು ಬೆನ್ನಿಗೆ ಬಿತ್ತು. ಅರ್ಪಿತಾ ಮುಗ್ಗರಿಸಿ ಬಾಗಿಲ ಕಡೆ ತೆವಳಿದಳು. “ಹಿಡ್ಕಳ್ರೀ ಅವಳ್ನ!” ಎಂದು ಕರಿಬಸಮ್ಮ ಕೂಗಿದಳು. ಚಿಕ್ಕಹನುಮಂತಪ್ಪ, ಜನ್ಮದಲ್ಲಿ ಮಗಳ ಮೇಲೆ ಕೈ ಎತ್ತದವನು, ಅವಳ ಕಾಲುಗಳನ್ನು ಅಮುಕಿ ಹಿಡಿದ. ಏಟಿನ ಮೇಲೆ ಏಟು ಬಿತ್ತು. ತಲೆಗೆ ಬೀಳದಂತೆ ಹುಡುಗಿ ಕೈ ಅಡ್ಡ ತಂದಳು. ಮುಂಗೈ ಲಟಕ್ ಎಂದಿತು. ಅವಳು ಕಿರುಚಿದಳು, ಕಿರುಚುವುದರ ನಡುವೆಯೂ ಪ್ರಾರ್ಥನೆ ಬಿಡಲಿಲ್ಲ.

“ಬಿಟ್ಟು ಹೋಗ್ತೀಯೋ ಇಲ್ಲೋ?” ಎನ್ನುತ್ತಿದ್ದಳು ಕರಿಬಸಮ್ಮ. “ಹೇಳು, ಬಿಟ್ಟು ಹೋಗ್ತೀಯೋ ಇಲ್ಲೋ?”

ಅಷ್ಟರಲ್ಲಿ ಅವಳಿಗೆ ತನ್ನ ದನಿಯೇ ಕೇಳಿಸಿತು. ಗಂಡನನ್ನು ನೋಡಿದಳು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮಗಳ ಪಾದ ಹಿಡಿದು ಕೂತಿದ್ದ. ಕೋಲು ಕೈಯಿಂದ ಜಾರಿತು.

ಚನ್ನಗಿರಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೈ ನೋಡಿ, “ಏನಾಯ್ತಮ್ಮ?” ಎಂದು ಕೇಳಿದರು.

“ಬಚ್ಚಲದಾಗೆ ಜಾರಿ ಬಿದ್ಲು ಸಾರ್” ಎಂದ ಚಿಕ್ಕಹನುಮಂತಪ್ಪ.

“ಇಲ್ಲ ಸಾರ್” ಎಂದಳು ಅರ್ಪಿತಾ. “ನಮ್ಮವ್ವ ಹೊಡೆದ್ಲು. ನಮ್ಮಪ್ಪ ಹಿಡ್ಕಂಡಿದ್ದ. ನಾನು ಸುಳ್ಳು ಹೇಳಾಂಗಿಲ್ಲ.”

ಪೊಲೀಸರು ಬಂದರು. ಕರಿಬಸಮ್ಮ ಏನನ್ನೂ ಮುಚ್ಚಿಡದೆ, “ನಾನೇ ಹೊಡೆದೆ. ಜೈಲಿಗೆ ಹಾಕ್ರಿ” ಎಂದಳು. ಕೇಸು ಬೇಡವೆಂದು ಅರ್ಪಿತಾ ಬರೆದುಕೊಟ್ಟಳು. ಆದರೆ ತಾಯಿಯ ಮುಖ ನೋಡದೆ, “ಆ ಮನೆಗೆ ಮಾತ್ರ ಬರಲ್ಲ” ಎಂದು ಹೇಳಿ, ಬ್ಯಾಂಡೇಜಿನ ಕೈ ಎದೆಗೆ ಕಟ್ಟಿಕೊಂಡು ಸುದ್ದಿ ಕೇಳಿ ಬಂದಿದ್ದ ದುರ್ಗಾಂಬಿಕಾಳ ಜೊತೆ ಅವಳ ತಾಂಡಾದ ಕಡೆಯ ನ್ಯಾಮತಿಯ ಬಸ್ಸು ಹತ್ತಿದಳು.

ಸುದ್ದಿ ಊರು ತುಂಬಿತು. ಕಿವಿ ಹರಿಸಿಕೊಂಡಂದಿನಿಂದ ಕಾಯುತ್ತಿದ್ದ ಕೊಟ್ರೇಶನಿಗೆ ಅಷ್ಟೇ ಸಾಕಾಯಿತು. ಒಂದು ಸಂಜೆ ಅವನು ನಾಲ್ಕಾರು ಜನರನ್ನು ಕರೆದುಕೊಂಡು ಬಂದು, “ದೇವ್ರ ಮಾಲೆ ಹರೀತೀಯೇನೇ?” ಎಂದು ಗಾಡಿಯನ್ನು ಉರುಳಿಸಿದ. ಗಾಜು ಪುಡಿಯಾಯಿತು. ತಡೆಯಲು ಓಡಿಬಂದ ಚಿಕ್ಕಹನುಮಂತಪ್ಪನನ್ನು ಟೈರುಗಳ ನಡುವೆ ಕೆಡವಿ ತುಳಿದರು. ಅವನ ಎರಡು ಪಕ್ಕೆಲುಬು ಮುರಿದವು. ಕರಿಬಸಮ್ಮ ಗಂಡನ ಮೇಲೆ ಅಡ್ಡ ಬಿದ್ದು ಬೆನ್ನು ಕೊಟ್ಟಳು. ಒದೆತ ತಿಂದಳು. ಸೌಟು ಕೈಗೆ ಸಿಗುವಷ್ಟು ಹತ್ತಿರವೇ ಬಿದ್ದಿತ್ತು. ಎತ್ತಲಿಲ್ಲ. ಹೆದರಿದಳು ಎಂದುಕೊಂಡು ಕೊಟ್ರೇಶ್ ನಗುತ್ತ ಹೋದ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಅವಳು ನ್ಯಾಮತಿಗೆ ಹೋದಳು. ಅರ್ಪಿತಾ ಅಲ್ಲೊಂದು ರೂಮು ಮಾಡಿಕೊಂಡು, ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುತ್ತ ಓದು ಮುಂದುವರಿಸಿದ್ದಳು. ಮುಂಗೈ ಸೊಟ್ಟಗೆ ಕೂಡಿಕೊಂಡಿತ್ತು. ಇಬ್ಬರೂ ಅಂಗಡಿಯ ಹೊರಗಿನ ಕಟ್ಟೆಯ ಮೇಲೆ ಕೂತರು.

“ನಿನ್ನ ದೇವ್ರನ್ನ ನಂಬಾಕೆ ನನ್ನ ಕೈಲಿ ಆಗಲ್ಲ” ಎಂದಳು ಕರಿಬಸಮ್ಮ. “ಹಂಗಂತ ಸುಳ್ಳು ಹೇಳಲ್ಲ. ಆದ್ರೆ ನಾನು ಮಾಡಿದ್ದು ಆ ಪೂಜಾರಿ ಮಾಡಿದ್ದೇ ಕಣವ್ವ. ಒಂದು ಕೂದಲಷ್ಟೂ ವ್ಯತ್ಯಾಸ ಇಲ್ಲ.”

ಗಾಳಿಗೆ ಅರ್ಪಿತಾಳ ಕೂದಲು ಕಣ್ಣಿನ ಮೇಲೆ ಬಂತು. ಸರಿಸೋಣವೆಂದು ತಾಯಿ ಕೈ ಎತ್ತಿದಳು. ಹುಡುಗಿ ಒಮ್ಮೆಲೇ ತಲೆ ತಗ್ಗಿಸಿ ಎರಡೂ ಕೈ ಅಡ್ಡ ಹಿಡಿದಳು.

ಕರಿಬಸಮ್ಮ ಎತ್ತಿದ ಕೈಯನ್ನು ಇಳಿಸಿ ತೊಡೆಯ ಕೆಳಗೆ ಇಟ್ಟುಕೊಂಡಳು. ಇನ್ನೊಂದನ್ನೂ ಹಾಗೆಯೇ ಇಟ್ಟುಕೊಂಡು ಎರಡರ ಮೇಲೂ ಭಾರ ಬಿಟ್ಟು ಕೂತಳು. ಅರ್ಪಿತಾಳ ಉಸಿರು ಹದಕ್ಕೆ ಬರುವುದಕ್ಕೆ ಬಹಳ ಹೊತ್ತಾಯಿತು.

“ಅಪ್ಪ ಹೆಂಗದಾನೆ?” ಎಂದು ಕೊನೆಗೆ ಕೇಳಿದಳು.

“ಉಸಿರು ಎಳೆದ್ರೆ ಪಕ್ಕೆ ನೋಯ್ತೈತೆ. ಅಂಗಡಿ ತೆಗೀತಾನೆ.”

“ಮುಂದಿನ ಸಲ ಕರ್ಕಂಡ್ ಬಾ. ರೂಮಿಗೆ ಬ್ಯಾಡ.” ಅರ್ಪಿತಾ ತಾಯಿಯ ಕಡೆ ತಿರುಗದೆಯೇ ಹೇಳಿದಳು. “ಇಲ್ಲೇ ಹೊರಗೆ ಕೂರಾನ. ಜನ ಓಡಾಡೋ ಕಡೆ.”

“ಆಗ್ಲಿ ಕಣವ್ವ” ಎಂದಳು ಕರಿಬಸಮ್ಮ.