ವಾರಿಜಕ್ಕನ ಕಪಾಟಿನ ‘ಜ್ಯೂಸ್’

ಹೋದ ಶುಕ್ರವಾರ ಕುವೈತಿನ ಫರ್ವಾನಿಯಾದ ಫ್ಲ್ಯಾಟೊಂದರಲ್ಲಿ ಸೀಮಂತದ ಆರತಿ ಎತ್ತುವ ಹೊತ್ತಿಗೆ ಸರಿಯಾಗಿ ಬೆಡ್‌ರೂಮಿನ ಬಟ್ಟೆ ಕಪಾಟು ‘ಢಮ್’ ಎಂದಿತು.

ಗ್ಯಾಸ್ ಸಿಲಿಂಡರೇ ಇರಬೇಕೆಂದು ಹೆಂಗಸರೆಲ್ಲ ಬಾಗಿಲ ಕಡೆ ಓಡಿದೆವು. (ಗಂಡಸರು ಊಟದ ಟೇಬಲ್ ಕಾಯಲು ನಿಂತರು. ಇರಲಿ ಬಿಡಿ.) ನೋಡಿದರೆ ಸಿಲಿಂಡರ್ ಅಲ್ಲ. ಮನೆಯೊಡತಿ ವಾರಿಜಕ್ಕ ಸೀರೆಗಳ ಹಿಂದೆ ಬಚ್ಚಿಟ್ಟಿದ್ದ ದ್ರಾಕ್ಷಿ ‘ಜ್ಯೂಸಿ’ನ ಬಾಟಲಿ!

ಜ್ಯೂಸ್ ಸಿಡಿಯುತ್ತದೆಯೇ? ಸಕ್ಕರೆ, ಯೀಸ್ಟ್ ಹಾಕಿ, ಮುಚ್ಚಳ ಬಿಗಿದು, ವಾರಗಟ್ಟಲೆ ಕತ್ತಲಲ್ಲಿ ಕೂರಿಸಿದರೆ ಸಿಡಿಯುತ್ತದೆ. ಊರಲ್ಲಿ ಅದಕ್ಕೆ ವೈನ್ ಅನ್ನುತ್ತಾರೆ. ಮದ್ಯಕ್ಕೆ ನಿಷೇಧವಿರುವ ಕುವೈತಿನಲ್ಲಿ ವಾರಿಜಕ್ಕ ಜ್ಯೂಸ್ ಅನ್ನುತ್ತಾರೆ. ಅಂದು ಅಂದು ಅವರೇ ಅದನ್ನು ನಂಬಿಬಿಟ್ಟಿದ್ದಾರೆ.

ಸೀಮಂತ ಅವರ ತಮ್ಮನ ಹೆಂಡತಿ ಅಶ್ವಿನಿಯದು. ಏಳು ತಿಂಗಳು. ವಾರಿಜಕ್ಕನ ಕಾವಲು ಎಂಥದ್ದೆಂದರೆ ಮನೆಯೊಳಗೆ ಪಪ್ಪಾಯಿ ಬರುವಂತಿಲ್ಲ, ಅನಾನಸ್ ಬರುವಂತಿಲ್ಲ. ಪಪ್ಪಾಯಿಯ ಚಿತ್ರವಿದ್ದ ಕ್ಯಾಲೆಂಡರನ್ನೂ ಗೋಡೆಯಿಂದ ಇಳಿಸಿದ್ದಾರೆ. ಆದರೆ ದಿನಾ ಊಟವಾದ ಮೇಲೆ ಅರ್ಧ ಲೋಟ ಜ್ಯೂಸ್ ಮಾತ್ರ ಅವರ ಕೈಯಿಂದಲೇ! ಬಸುರಿಗೆ ರಕ್ತ ಆಗಬೇಕಂತೆ.

“ವಾರಿಜಕ್ಕಾ, ಇದು ಮದ್ಯ ಅಲ್ವಾ? ಬಸುರಿಗೆ ಕೊಡುದಾ?” ಎಂದೆ.

“ಎಂತ ಮಾತಾಡ್ತಿ ಮಾರಾಯ್ತಿ! ಕುವೈತಿನಲ್ಲಿ ಮದ್ಯ ಎಲ್ಲುಂಟು?”

ಇದಕ್ಕೇನು ಉತ್ತರ ಕೊಡುತ್ತೀರಿ? ಸರಕಾರ ಬ್ಯಾನ್ ಮಾಡಿದೆ, ಆದ್ದರಿಂದ ಅದು ಲೋಟದಲ್ಲೂ ಇಲ್ಲ!

ಆದರೂ ಬಿಡದೆ ಹೇಳಿದೆ. ತಾಯಿ ಕುಡಿದದ್ದು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೂ ಹೋಗುತ್ತದೆ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಮಗುವಿನ ಎಳೆಯ ಲಿವರಿಗಿಲ್ಲ. ಮಿದುಳಿಗೆ ಪೆಟ್ಟು ಬಿದ್ದರೆ ಅದು ಜೀವಮಾನವಿಡೀ ಉಳಿಯಬಹುದು. ಇಷ್ಟು ಕುಡಿದರೆ ಪರವಾಗಿಲ್ಲ ಎಂಬ ಅಳತೆಯೇ ಇಲ್ಲ. ವೈನಾಗಲಿ, ಬಿಯರಾಗಲಿ, ಮನೆಯಲ್ಲೇ ಮಾಡಿದ್ದಾಗಲಿ.

“ನನ್ನ ಅಮ್ಮ ನಾನು ಹೊಟ್ಟೆಯಲ್ಲಿರುವಾಗ ಬ್ರಾಂಡಿ ಕುಡಿದವರು. ನನಗೆ ಎಂತ ಆಗಿದೆ?” ಎಂದರು ವಾರಿಜಕ್ಕ. (ನಾನು ಸಿಡಿದ ಕಪಾಟಿನ ಕಡೆ ನೋಡಿದೆ.)

ಅಷ್ಟರಲ್ಲಿ ಕಾಲಿಂಗ್ ಬೆಲ್.

ವಾರಿಜಕ್ಕನ ಗಂಡ ಸದಾನಂದಣ್ಣ ಬಾಗಿಲ ಕಿಂಡಿಯಲ್ಲಿ ಇಣುಕಿ ಬೆಳ್ಳಗಾದರು. “ಯೂನಿಫಾರ್ಮ್! ಯಾರೋ ಶಬ್ದ ಕೇಳಿ ಪೊಲೀಸಿಗೆ ಫೋನ್ ಮಾಡಿದ್ದಾರೆ. ಖಲಾಸ್! ಇನ್ನು ಹಿಡಿದು ಊರಿಗೇ ಕಳಿಸ್ತಾರೆ!”

ಮಂಡಿನೋವೆಂದು ಕುರ್ಚಿ ಬಿಟ್ಟು ಏಳದ ವಾರಿಜಕ್ಕ ಉಳಿದ ಬಾಟಲಿಗಳನ್ನೆಲ್ಲ ಅವುಚಿಕೊಂಡು ಬಾತ್‌ರೂಮಿಗೆ ಓಡಿದರು. ಕಮೋಡಿಗೆ ಸುರಿದರು, ಫ್ಲಶ್ ಮಾಡಿದರು, ಮತ್ತೆ ಮಾಡಿದರು. ವಾಸನೆ ಹೋಗಲೆಂದು ಊದುಬತ್ತಿಯ ಕಟ್ಟನ್ನೇ ಹಚ್ಚಿದರು. ಹೊಗೆಗೆ ಎಲ್ಲರೂ ಕೆಮ್ಮತೊಡಗಿದ ಮೇಲೆ ಸದಾನಂದಣ್ಣ ಬಾಗಿಲು ತೆರೆದರು.

“ಭಾಯಿ, ಪಾಯಸ,” ಎಂದ ಕೇಟರಿಂಗ್ ಯೂನಿಫಾರ್ಮಿನವನು.

ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ನಗದೇ ಉಳಿದವಳು ಅಶ್ವಿನಿ ಒಬ್ಬಳೇ. ಹಸಿರು ಬಳೆಯ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು.

“ಅಕ್ಕಾ, ಎರಡು ತಿಂಗಳಿಂದ ಕುಡೀತಾ ಇದ್ದೇನೆ. ನಂಗೂ ಡೌಟ್ ಇತ್ತು. ಡಾಕ್ಟರಿಗೆ ಹೇಳಿದ್ರೆ ಅವ್ರು ಪೊಲೀಸಿಗೆ ಹೇಳ್ತಾರೋ ಅಂತ ಹೆದರಿ ಸುಮ್ಮನಿದ್ದೆ. ಮಗುವಿಗೆ ಏನಾದ್ರೂ ಆಗಿರ್ತದಾ?”

ನನ್ನ ನಗು ಅಲ್ಲಿಗೇ ನಿಂತಿತು. ಗೊತ್ತಿಲ್ಲ ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸಾಗಲಿಲ್ಲ. ಈಗಲೇ ನಿಲ್ಲಿಸು, ಯಾವಾಗ ನಿಲ್ಲಿಸಿದರೂ ಮಗುವಿಗೆ ಒಳ್ಳೆಯದೇ, ನಾಳೆ ನಾನೂ ಜೊತೆಗೆ ಬರುತ್ತೇನೆ, ಡಾಕ್ಟರಿಗೆ ಎಲ್ಲವನ್ನೂ ಹೇಳೋಣ ಎಂದೆ. ತಲೆಯಾಡಿಸಿದಳು. ಕೈ ಮಾತ್ರ ಬಿಡಲಿಲ್ಲ.

ವಾರಿಜಕ್ಕ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದರು. “ಅಬ್ಬಾ! ಬಚಾವಾದೆವು,” ಎಂದರು.

ನಾನು ಕೇಳಿಯೇಬಿಟ್ಟೆ: ಪೊಲೀಸರು ಬಂದರೆಂದ ಕೂಡಲೇ ಮದ್ಯವಾದದ್ದು, ಬಸುರಿಯ ಲೋಟದಲ್ಲಿ ಮಾತ್ರ ಜ್ಯೂಸ್ ಆಗಿದ್ದು ಹೇಗೆ, ವಾರಿಜಕ್ಕಾ?