ಅಬ್ಬಿಗೆರೆಯ ಹೆಂಡದಂಗಡಿಗೆ ಹೊಸ ಹೆಂಚು

ಅಂಜನಮ್ಮ ಅಬ್ಬಿಗೆರೆಯ ಹೆಂಡದಂಗಡಿಯ ಮುಂದೆ, ಹುಣಸೆಮರದ ಕೆಳಗೆ ಕೂತು ಚಾಕಣ ಮಾರುತ್ತಿದ್ದಳು. ಹೆಂಡದ ಜೊತೆ ನಂಚಿಕೊಳ್ಳುವ ಖಾರದ ತಿನಿಸಿಗೆ ನಮ್ಮ ಕಡೆ ಚಾಕಣ ಅನ್ನುತ್ತಾರೆ. ಮೂರು ಕಲ್ಲಿನ ಒಲೆ, ಅದರ ಮೇಲೊಂದು ಬಾಣಲೆ, ಪಕ್ಕದಲ್ಲಿ ಮುತ್ತುಗದೆಲೆಯ ಕಟ್ಟು. ಕುರಿ ಕರುಳಿನ ಬೋಟಿ ಗೊಜ್ಜು, ಕೆರೆ ಮೀನು, ಹುರಿದ ಕಡ್ಲೆಕಾಯಿ, ಅವರೆ ಕಾಲದಲ್ಲಿ ಅವರೆಕಾಳಿನ ಉಸ್ಲಿ. ಸಂಜೆ ಗಾಳಿ ಅತ್ತ ಕಡೆಗೆ ಬೀಸಿದರೆ ಚಿಕ್ಕಬಾಣಾವರದಲ್ಲಿ ರೈಲು ಇಳಿದು ಬರುವವರಿಗೂ ಆ ಒಗ್ಗರಣೆ ಮೂಗಿಗೆ ಬಡಿಯುತ್ತಿತ್ತು. ಕುಡಿಯದವರೂ ಎಲೆಯಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ಯುತ್ತಿದ್ದರು.

ಅವಳ ಗಂಡ ಮುನಿರಾಮಯ್ಯ ಜಾಲಹಳ್ಳಿ ಕಡೆಯ ಕಾರ್ಖಾನೆಯೊಂದರಲ್ಲಿ ಹೂದೋಟ ನೋಡಿಕೊಳ್ಳುತ್ತಿದ್ದ. ಹೆಂಡದ ವಾಸನೆ ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಹೆಂಡತಿಯ ಪಾತ್ರೆಪಡಗ ಹೊರಲು ಬಂದರೂ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡೇ ಬರುತ್ತಿದ್ದ. ಜನ ನಗುತ್ತಿದ್ದರು, ಅವನೂ ಟವೆಲ್ಲಿನೊಳಗೆ ನಗುತ್ತಿದ್ದ.

ಅಂಗಡಿ ಮಾತ್ರ ಹಾಳುಬಿದ್ದಿತ್ತು. ಮಣ್ಣಿನ ಗೋಡೆ ಒಂದು ಕಡೆ ಹೊಟ್ಟೆ ಬಿಟ್ಟುಕೊಂಡಿತ್ತು. ಮಾಡಿಗೆ ಹೊದೆಸಿದ್ದ ಗರಿ ಕೊಳೆತು, ಮಳೆ ಬಂದರೆ ಮಡಕೆಯಲ್ಲಿ ಹೆಂಡ ಎಷ್ಟು ನೀರು ಎಷ್ಟು ಅನ್ನುವುದು ಕುಡಿದವನಿಗೂ ತಿಳಿಯುತ್ತಿರಲಿಲ್ಲ. ವರ್ಷವರ್ಷದ ಹರಾಜಿನಲ್ಲಿ ಯಾರೋ ಗುತ್ತಿಗೆ ಹಿಡಿಯುತ್ತಿದ್ದರು, ಒಂದು ಗಳ ಸಹ ಬದಲಿಸದೆ ಹೋಗುತ್ತಿದ್ದರು. ಅರವತ್ತರ ದಶಕ ಮುಗಿಯುತ್ತ ಬಂದಿದ್ದ ಹೊತ್ತಿಗೆ ಗುತ್ತಿಗೆ ಯಶವಂತಪುರದ ಆವಲಪ್ಪನಿಗೆ ಸಿಕ್ಕಿತು. ಅವನು ಬಿಳಿ ಪಂಚೆ, ಕೋಟು ಹಾಕಿಕೊಂಡು ಸೈಕಲ್ಲಿನಲ್ಲಿ ಬಂದ. ಬಗ್ಗಿಕೊಂಡು ಒಳಗೆ ಹೋದವನು ತಲೆ ತುಂಬ ಜೇಡರ ಬಲೆ ಹೊತ್ತುಕೊಂಡು ಹೊರಗೆ ಬಂದ.

"ಇದೇನ್ರಪ್ಪಾ, ಅಂಗಡೀನಾ, ದನದ ಕೊಟ್ಟಿಗೇನಾ? ನಂಗೆ ಸ್ವಲ್ಪ ಟೈಮ್ ಕೊಡಿ. ಕಂಟೋನ್ಮೆಂಟಲ್ಲಿ ಬಾರ್ ಇರುತ್ತಲ್ಲ, ಹಂಗೆ ಮಾಡ್ಬಿಡ್ತೀನಿ."

"ಬಾರು ಅಂದ್ರೆ? ಬಾರುಕೋಲಿನ ಬಾರಾ?" ಎಂದು ಕೇಳಿದವನು ಚಿಕ್ಕಮಾರಯ್ಯ. ಊರಿನ ತಮಟೆ ಬಾರಿಸುವವರಲ್ಲಿ ಹಿರಿಯ, ಅಂಗಡಿಯ ಗಿರಾಕಿಗಳಲ್ಲೂ ಹಿರಿಯ. ಗೋಡೆ ಹೊಟ್ಟೆ ಬಿಟ್ಟಿದ್ದ ಜಾಗದಲ್ಲಿ ಬೆನ್ನು ಒರಗಿಸಿ ಒರಗಿಸಿ ಅವನು ಅಲ್ಲೊಂದು ತಗ್ಗನ್ನೇ ಮಾಡಿಕೊಂಡಿದ್ದ.

ಮಂಗಳೂರು ಹೆಂಚು, ಕೆಂಪು ಗಾರೆಯ ನೆಲ, ಕೂರುವುದಕ್ಕೆ ಬೆಂಚು, ಕುಡಿಯುವುದಕ್ಕೆ ಗಾಜಿನ ಲೋಟ, ಎಲ್ಲಕ್ಕಿಂತ ಹೆಚ್ಚಾಗಿ ಕರೆಂಟು ದೀಪ. ಆವಲಪ್ಪ ಹೇಳುತ್ತ ಹೋದಂತೆ ಮರದ ಕೆಳಗಿದ್ದವರ ಬಾಯಿ ತೆರೆದಿದ್ದು ತೆರೆದೇ ಇತ್ತು. ಊರಿಗೆ ಆಗಷ್ಟೇ ಕರೆಂಟು ಬಂದಿತ್ತು. ಪಟೇಲರ ಮನೆ, ಹಿಟ್ಟಿನ ಗಿರಣಿ ಬಿಟ್ಟರೆ ಇನ್ನೆಲ್ಲೂ ದೀಪ ಇರಲಿಲ್ಲ, ಬೀದಿಗಂತೂ ಒಂದು ಬಲ್ಬೂ ಇರಲಿಲ್ಲ.

ಅಂದಿನಿಂದ ಊರಿಗೆ ಬೇರೆ ಮಾತೇ ಇಲ್ಲ. ಹಳೆಯ ಗೋಡೆ ಕೆಡವಿದ ದಿನ ಅರ್ಧ ಊರು ನಿಂತು ನೋಡಿತು. ಹೆಂಚಿನ ಗಾಡಿ ಬಂದಾಗ ಯಾರೂ ಕರೆಯದೆಯೇ ಗಂಡಸರು ಸಾಲು ನಿಂತು ಕೈಯಿಂದ ಕೈಗೆ ಹೆಂಚು ದಾಟಿಸಿದರು. ಮನೆಯ ಮಾಡು ಸೋರುತ್ತಿದೆ ಅಂದರೆ ಏಣಿ ಹತ್ತದವರೂ ಆ ಸಾಲಿನಲ್ಲಿದ್ದರು. ಕೆಲಸ ನಡೆಯುವಷ್ಟು ದಿನ ಅಂಗಡಿ ಮುಚ್ಚಿತ್ತು. ಕೆಲವರು ಪಕ್ಕದ ಹಳ್ಳಿ ಸಿಂಗಾಪುರದ ಕಡೆ ಹೋಗಿ ಕುಡಿದು ಬಂದು, ಅಲ್ಲಿಯ ಹೆಂಡ ಹುಳಿ, ಜಾಗ ಕೊಳಕು ಎಂದು ಹಳಿಯುತ್ತಿದ್ದರು, ತಮ್ಮದು ಆಗಲೇ ಅರಮನೆಯಾಗಿದೆ ಅನ್ನುವ ಹಾಗೆ. ಹೆಂಗಸರಿಗೂ ಖುಷಿಯೇ. ನೆಲ ಚೆನ್ನಾಗಿದ್ದರೆ ಗಂಡಸರು ಚರಂಡಿಯಲ್ಲಿ ಬೀಳದೆ ಒಳಗೇ ಬೀಳುತ್ತಾರೆ, ಹುಡುಕುವುದು ಸುಲಭ ಎಂದು ಮಾತಾಡಿಕೊಂಡರು.

ಅಂಜನಮ್ಮ ಒಲೆ ಆರಿಸಲಿಲ್ಲ. ಕುಡಿಯುವವರು ಇಲ್ಲದಿದ್ದರೇನು, ಗಾರೆ ಕೆಲಸದವರು ಇದ್ದರು. ಅವರ ಮೇಸ್ತ್ರಿ ಜಿಯಾವುಲ್ಲಾ, ಹೆಬ್ಬಾಳದ ಕಡೆಯವನು. ಬೋಟಿ ಮುಟ್ಟುವುದಿಲ್ಲ ಅಂದ. ಅವನಿಗೆಂದು ಅವಳು ಬೇರೆ ಗಡಿಗೆಯಲ್ಲಿ ಹುರುಳಿಕಾಳಿನ ಸಾರು ಮಾಡಿ ಮುದ್ದೆ ಕಟ್ಟಿದಳು. ಮೊದಲ ತುತ್ತು ನುಂಗಿ ಜಿಯಾವುಲ್ಲಾ ಕೈಯನ್ನು ಎಲೆಯಲ್ಲೇ ಬಿಟ್ಟು ಅರ್ಧ ಎದ್ದಿದ್ದ ಗೋಡೆಯ ಕಡೆ ನೋಡಿದ.

"ಯಾಕಣ್ಣಾ, ಖಾರ ಆಯ್ತಾ?"

"ಇಲ್ಲಕ್ಕಾ. ಈ ಕೆಲ್ಸ ಬೇಗ ಮುಗಿಸ್ಬಾರ್ದು ಅಂತ ಯೋಚ್ನೆ ಮಾಡ್ತಾ ಇದ್ದೆ."

ಗೋಡೆಗೆ ಬಣ್ಣ ಯಾವುದು ಅನ್ನುವುದಕ್ಕೆ ದೊಡ್ಡ ಜಗಳವೇ ಆಯಿತು. ಜಿಯಾವುಲ್ಲಾ ಗೋಡೆಯ ಮೇಲೆ ಒಂದು ಕಡೆ ನೀಲಿ, ಒಂದು ಕಡೆ ಹಸಿರು, ಒಂದು ಕಡೆ ಹಳದಿ ಬಳಿದು ತೋರಿಸಿದ. ಚಿಕ್ಕಮಾರಯ್ಯ, ಸುಣ್ಣ ಒಂದು ಪಟ್ಟೆ, ಕೆಮ್ಮಣ್ಣು ಒಂದು ಪಟ್ಟೆ ಇರಲಿ ಅಂದ.

"ಗುಡಿಗೆ ಒಡಿಯೋ ಪಟ್ಟೆ ಹೆಂಡದಂಗಡೀಗಾ?" ಎಂದು ಎಲ್ಲರೂ ಅವನ ಮೇಲೆ ಬಿದ್ದರು.

"ನಾನು ಗುಡೀಗಿಂತ ಎಚ್ಚಾಗಿ ಇಲ್ಲಿಗೇ ಬಂದಿವ್ನಿ ಕಣ್ರಲಾ," ಅಂದ ಚಿಕ್ಕಮಾರಯ್ಯ.

ಕೊನೆಗೆ ಅಂಜನಮ್ಮ ಬಾಣಲೆಯಿಂದ ತಲೆ ಎತ್ತಿ, "ಅಸುರು ಒಡುದ್ರೆ ಆಸ್ಪತ್ರೆ ಇದ್ದಂಗಿರ್ತದೆ. ನೀಲಿ ಒಡುದ್ರೆ ಪೋಲೀಸ್ ಟೇಸನ್ನು. ಅಳದಿ ಒಡೀರಿ, ಸುಮ್ನೆ ಮದ್ವೆಮನೆ ತರ ಇರ್ಲಿ," ಅಂದಳು. ಹಳದಿಯೇ ಆಯಿತು.

ಬಣ್ಣ ಆರಿಸಿಕೊಟ್ಟ ಮಾರನೆಯ ದಿನವೇ ಜಿಯಾವುಲ್ಲಾ ಮುದ್ದೆ ಮುರಿಯುತ್ತ, ಹೇಳಲೋ ಬೇಡವೋ ಎಂದು ಹೇಳಿದ: "ಅಕ್ಕಾ, ಒಳಗೆ ಗಾಜಿನ ಬೀರುಗೆ ಜಾಗ ಬಿಡು ಅಂದವ್ರೆ ಆವಲಪ್ಪನವ್ರು. ಚಾಕಣಕ್ಕಂತೆ. ಯಶವಂತಪುರದಿಂದ ಯಾರೋ ಅಡುಗೆಯವ್ರು ಬರ್ತಾರಂತೆ."

ಅಂಜನಮ್ಮನಿಗೆ ಕೈಯಲ್ಲಿದ್ದ ಸೌಟು ಭಾರವಾಯಿತು. ಅಂದು ಸಂಜೆ ಆವಲಪ್ಪ ಬಂದಾಗ ಎದ್ದು ಹೋಗಿ ಕೇಳಿಯೇಬಿಟ್ಟಳು.

"ಸ್ವಾಮಿ, ನನ್ನ ಜಾಗ ಎಲ್ಲಿ?"

ಆವಲಪ್ಪ ಕೆಟ್ಟವನಲ್ಲ. ಅವಳ ಮುಖ ನೋಡದೆ ಹುಣಸೆಮರ ನೋಡುತ್ತ ಹೇಳಿದ: "ನೋಡಮ್ಮಾ, ಇಷ್ಟೆಲ್ಲ ಮಾಡಿ ಬಾಗಿಲ ಮುಂದೆ ಹೊಗೆ, ಮಸಿ, ಬೋಟಿ ತೊಳೆದ ನೀರು ಇದ್ರೆ ಚೆನ್ನಾಗಿರುತ್ತಾ? ನೀನೇ ಹೇಳು."

ಅವಳು ಒಲೆಗೆ ನೀರು ಚಿಮುಕಿಸಿ ಪಾತ್ರೆ ಎತ್ತಿಕೊಂಡಳು. ಮನೆಗೆ ಬಂದು ಗಂಡನ ಮುಂದೆ ಅತ್ತಳು. ಮುನಿರಾಮಯ್ಯ, "ಓಗ್ಲಿ ಬುಡು, ನಾನು ಮೂಗು ಮುಚ್ಕೊಳ್ಳೋದು ತಪ್ತು," ಎಂದು ನಗಿಸಲು ನೋಡಿದ. ಅದಕ್ಕೆ ಇನ್ನಷ್ಟು ಅತ್ತಳು. ಅವಳಿಗೆ ಸಂಕಟವಾಗಿದ್ದು ಒಂದಕ್ಕಲ್ಲ, ಎರಡಕ್ಕೆ. ಜಾಗ ಹೋಗುತ್ತದೆ ಅನ್ನುವುದು ಒಂದು. ಆ ಹೊಸ ಅಂಗಡಿಯ ಮೇಲೆ ಎಲ್ಲರಿಗಿಂತ ಹೆಚ್ಚು ಆಸೆ ಇಟ್ಟುಕೊಂಡಿದ್ದವಳು ತಾನೇ ಅನ್ನುವುದು ಇನ್ನೊಂದು. ಗೋಡೆ ದಿನದಿನಕ್ಕೆ ಮೇಲೇರುವುದನ್ನು ನೋಡಿ ಅವಳೇ ಎಷ್ಟು ಸಲ, ಎಷ್ಟು ಚೆಂದ ಅಂದುಕೊಂಡಿರಲಿಲ್ಲ! ಎರಡು ದಿನ ಬಿಟ್ಟು ಒಲೆಯ ಕಲ್ಲು, ಬಾಣಲೆ ಎತ್ತಿಕೊಂಡು ಹೋಗಿ ಕೆರೆ ಏರಿಯ ಮೇಲೆ ಇಟ್ಟಳು.

ಅಂಗಡಿ ತೆರೆಯುವ ದಿನ ಬಂತು. ಕಾರ್ಖಾನೆಯ ಸಂಜೆ ಸೈರನ್ನು ಕೂಗಿ ಸ್ವಲ್ಪ ಹೊತ್ತಿಗೆ ಊರೇ ಅಲ್ಲಿ ನೆರೆದಿತ್ತು. ಗಂಡಸರು ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಮದುವೆಗೆಂದು ಎತ್ತಿಟ್ಟಿದ್ದ ಅಂಗಿ ಹಾಕಿಕೊಂಡು ಬಂದಿದ್ದರು. ಬಾಗಿಲಿಗೆ ಮಾವಿನ ತೋರಣ, ಬಾಳೆಕಂದು. ಆವಲಪ್ಪ ತೆಂಗಿನಕಾಯಿ ಒಡೆದು ಸ್ವಿಚ್ಚು ಒತ್ತಿದ. ದೀಪ ಹತ್ತಿತು. ಹೊರಗೆ ನಿಂತಿದ್ದ ಹೆಂಗಸರು, ಮಕ್ಕಳು "ಓ!" ಅಂದರು.

ಒಳಗೆ ಹೋಗಬೇಕಾದವರು ಮಾತ್ರ ಬಾಗಿಲಲ್ಲೇ ನಿಂತರು. ಕೆಂಪು ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಯಾರೋ ಒಬ್ಬ ಚಪ್ಪಲಿ ಬಿಟ್ಟ. ಅವನನ್ನು ನೋಡಿ ಎಲ್ಲರೂ ಬಿಟ್ಟರು. ಬೆಂಚಿನ ಮೇಲೆ ಸಾಲಾಗಿ, ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತರು. ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರಿಗೆ ಕಾಯುವವರು ಕೂರುವುದೇ ಹೀಗೆ. ಚಿಕ್ಕಮಾರಯ್ಯ ಹೊಸ ಗೋಡೆಗೆ ಬೆನ್ನು ಒರಗಿಸಿ ನೋಡಿದ, ಗೋಡೆ ನೆಟ್ಟಗಿತ್ತು, ಬೆನ್ನು ಒಪ್ಪಲಿಲ್ಲ.

ಗಾಜಿನ ಲೋಟದಲ್ಲಿ ಹೆಂಡ ಬಂತು. ಚಿಕ್ಕಮಾರಯ್ಯ ಅದನ್ನು ದೀಪಕ್ಕೆ ಹಿಡಿದು ನೋಡಿದ. ಇರುವೆಗಳು ತೇಲುತ್ತಿದ್ದವು. ಒಂದು ಜೇನುನೊಣವೂ ಇತ್ತು.

"ಆವಲಪ್ಪೋರೆ, ಇದ್ರಾಗೆ ಇರುವೆ ಐತಲ್ಲ!"

"ಯಾವಾಗ್ಲೂ ಇರ್ತಿತ್ತು ಕಣಯ್ಯಾ. ಮಡಕೇಲಿ ಕಾಣ್ತಿರ್ಲಿಲ್ಲ ಅಷ್ಟೇ."

ಅಷ್ಟು ಹೇಳಿದ್ದೇ ತಪ್ಪಾಯಿತು. ಇಷ್ಟು ವರ್ಷ ತಾವು ಎಷ್ಟು ಇರುವೆ ಕುಡಿದಿರಬಹುದು ಎಂದು ಎಲ್ಲರೂ ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದರು. ಗಾಜಿನ ಬೀರುವಿನಿಂದ ಬೋಂಡ, ಖಾರದ ಬೇಳೆ ಬಂತು. ರುಚಿ ಚೆನ್ನಾಗಿಯೇ ಇತ್ತು. ಆದರೆ ಯಾರೂ ಹಾಡಲಿಲ್ಲ, ಬೈದಾಡಲಿಲ್ಲ. ಜೋರಾಗಿ ಕೆಮ್ಮಿದವನೂ ಸುತ್ತ ನೋಡಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಒಂದೊಂದು ಲೋಟ ಮುಗಿಸಿ, ಆವಲಪ್ಪನಿಗೆ ಕೈಮುಗಿದು ಮನೆಗೆ ಹೋದರು.

ಮುಂದೆಯೂ ಅದೇ ಕತೆಯಾಯಿತು. ಬರುವವರು ಒಳಗೆ ಕೂರದೆ, ತಾವೇ ತಂದ ಮಡಕೆಗೆ ಹೆಂಡ ಹುಯ್ಯಿಸಿಕೊಂಡು ಕೆರೆ ಏರಿಯ ಕಡೆ ನಡೆಯತೊಡಗಿದರು. ಅಲ್ಲಿ ಕತ್ತಲಿತ್ತು, ಅಂಜನಮ್ಮನ ಒಲೆ ಇತ್ತು. ಕೂಗಾಡಬಹುದಿತ್ತು. ಗಾಜಿನ ಬೀರುವಿನ ಅಡುಗೆಯವನು ಬೋಂಡವನ್ನು ತಾನೇ ತಿಂದು ತಿಂದು ಬೇಸತ್ತು ಯಶವಂತಪುರಕ್ಕೆ ಹೊರಟುಹೋದ.

ಒಂದು ಸಂಜೆ ಆವಲಪ್ಪ ಸೈಕಲ್ಲು ತಳ್ಳಿಕೊಂಡು ಏರಿಯ ಮೇಲೆ ಬಂದ. ಕುಡಿಯುತ್ತಿದ್ದವರೆಲ್ಲ ಸರಿದು ಅವನಿಗೆ ದಾರಿ ಬಿಟ್ಟರು. ಅವನು ಅಂಜನಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಒಂದೆಲೆ ಮೀನು ಕೊಡಮ್ಮಾ."

ಕೊಟ್ಟಳು. ಮುಳ್ಳು ಬಿಡಿಸಿಕೊಂಡು ತಿಂದ. ಎಲೆ ಮಡಿಸಿದ.

"ಅಷ್ಟು ಚೆನ್ನಾಗಿ ಕಟ್ಟಿಸ್ದೆ. ಯಾಕಮ್ಮಾ ಯಾರೂ ಕೂರ್ತಿಲ್ಲ?"

ಅಂಜನಮ್ಮನಿಗೆ ಅವನ ಮೇಲೆ ಇದ್ದ ಸಿಟ್ಟು ಆ ದನಿ ಕೇಳಿ ಅರ್ಧ ಇಳಿಯಿತು. "ಯಾಕೆ ಅಂತ ನಂಗೇನ್ ಗೊತ್ತು ಸ್ವಾಮಿ, ನಾನು ಒಳ್ಗಡೆ ನೋಡೇ ಇಲ್ವಲ್ಲ. ಬನ್ನಿ, ನೋಡಾನ," ಎಂದು ಸೆರಗು ಸಿಕ್ಕಿಸಿಕೊಂಡು ಎದ್ದಳು. ಹಿಂದೆಯೇ ಎಲ್ಲರೂ ಮಡಕೆ ಹಿಡಿದುಕೊಂಡು ಹೊರಟರು.

ಅಷ್ಟು ವರ್ಷ ಬಾಗಿಲ ಮುಂದೆ ಕೂತಿದ್ದರೂ ಅವಳು ಒಳಗೆ ಕಾಲಿಟ್ಟವಳಲ್ಲ. ಅಂದು ಹೊಸ್ತಿಲು ದಾಟಿ ನಡುಮನೆಯಲ್ಲಿ ನಿಂತು ಸುತ್ತ ನೋಡಿದಳು. ಹಳದಿ ಗೋಡೆ ನಿಜವಾಗಿಯೂ ಮದುವೆಮನೆಯ ಹಾಗಿತ್ತು. ತಲೆ ಎತ್ತಿ ಬಲ್ಬು ನೋಡಿ ಕಣ್ಣು ಕಿರಿದು ಮಾಡಿಕೊಂಡಳು.

"ಈ ಬೆಂಚೆಲ್ಲ ಎತ್ತಿಸಿ. ಈಚಲು ಚಾಪೆ ಆಸಿ. ಕುಕ್ಕರುಗಾಲಲ್ಲಿ ಕುಂತು ಕಲ್ತೋರು ಇವ್ರು, ಕಾಲು ತೂಗಾಡ್ಕಂಡು ಎಂಗೆ ಕುಡೀತಾರೆ? ಮಡಕೆ ವಾಪಸ್ ತರ್ಸಿ. ಇನ್ನು ಈ ದೀಪ ಇಲ್ಲಿ ಬ್ಯಾಡ."

"ದೀಪ ಬೇಡ್ವಾ!" ಆವಲಪ್ಪನಿಗೆ ಎದೆಯೇ ಒಡೆದಂತಾಯಿತು. ಆ ದೀಪಕ್ಕಾಗಿ ಅವನು ಎಷ್ಟು ಕಚೇರಿ ಅಲೆದಿದ್ದನೋ.

"ಕಿತ್ತಾಕಿ ಅಂದ್ನಾ ನಾನು? ಒರಗಡೆ ಆಕಿ. ಬಾಗಿಲ ಮ್ಯಾಗಡೆ. ಇವ್ರಿಗೆ ಒಳ್ಗೆ ಒಂದು ಲಾಟೀನು ಸಾಕು, ಇರುವೆ ಕಾಣಾದು ಬ್ಯಾಡ. ಎಂಗಸ್ರು ಕೆರೆಯಿಂದ ನೀರು ತರ್ತಾರೆ, ಕಾರ್ಕಾನೆಯೋರು ಸೈಕಲ್ನಾಗೆ ಬರ್ತಾರೆ, ಬೀದೀಲಿ ಕಾಲು ಕಾಣಾಕಿಲ್ಲ. ಅವ್ರಿಗೆ ಬೇಕು ಬೆಳಕು."

ಆವಲಪ್ಪ ಬಹಳ ಹೊತ್ತು ಬಲ್ಬನ್ನೇ ನೋಡಿದ. "ಆಮೇಲೆ ನಿನ್ನ ಒಲೆ?" ಅಂದ.

"ಅದೇ ದೀಪದ ಕೆಳ್ಗೆ. ಬೋಟಿ ತೊಳೆದ ನೀರು ನಾನು ಆಚೆ ಒಲದ ತಾವ ಚೆಲ್ತೀನಿ. ನೀವು ಏಳಿದ್ದು ಸರೀನೇ, ಬಾಗಿಲ ಮುಂದೆ ನಾತ ಇರಬಾರ್ದು."

ಜಿಯಾವುಲ್ಲಾನನ್ನು ಮತ್ತೆ ಕರೆಸಿದರು. ಅವನು ವೈರು ಹೊರಗೆ ದಾಟಿಸಲು ಗೋಡೆಗೆ ತೂತು ಕೊರೆದ. ಜೊತೆಗೆ ಯಾರೂ ಕೇಳದೆಯೇ ಬಾಗಿಲ ಪಕ್ಕಕ್ಕೆ ಗಾರೆಯ ಜಗಲಿ ಕಟ್ಟಿ, ಅದರಲ್ಲಿ ಎರಡು ಉರಿಯ ಒಲೆ ಕೂರಿಸಿದ. ಇದು ಯಾಕಯ್ಯಾ ಎಂದು ಆವಲಪ್ಪ ಕೇಳಿದ್ದಕ್ಕೆ, "ಒಂದು ಬೋಟಿಗೆ, ಇನ್ನೊಂದು ನನ್ನ ಹುರುಳಿ ಸಾರಿಗೆ," ಅಂದ.

ದೀಪ ಹೊರಗೆ ಹತ್ತಿದ ಸಂಜೆ ಒಳಗೆ ಲಾಟೀನಿನ ಮಬ್ಬಿನಲ್ಲಿ ಚಾಪೆಯ ಮೇಲೆ ಕೂತು ಚಿಕ್ಕಮಾರಯ್ಯ ಮಡಕೆ ಎತ್ತಿದ. ಮೊದಲು ಗೊಣಗಿದ, ಆಮೇಲೆ ಯಾರನ್ನೋ ಬೈದ, ಕೊನೆಗೆ ಹಾಡಿಗೆ ಶುರು ಮಾಡಿದ. ಹೊರಗೆ ಒಲೆಯ ಮುಂದಿದ್ದ ಅಂಜನಮ್ಮ, "ಈಗ ಸರಿಯಾಯ್ತು ನೋಡಿ," ಅಂದಳು. ಆವಲಪ್ಪ ಕೋಟು ಬಿಚ್ಚಿ ಮೊಳೆಗೆ ಹಾಕಿ ತಾನೂ ಚಾಪೆಯ ಮೇಲೆ ಕೂತ.

ಮರುವರ್ಷದ ಹರಾಜಿನಲ್ಲಿ ಅಂಗಡಿ ಬೇರೆಯವರ ಪಾಲಾಯಿತು, ಅದರಾಚೆ ಇನ್ನೊಬ್ಬರದಾಯಿತು. ಜಗಲಿಯ ಮೇಲಿನ ಒಲೆಯ ತಂಟೆಗೆ ಯಾವ ಗುತ್ತಿಗೆದಾರನೂ ಬರಲಿಲ್ಲ. ಆವಲಪ್ಪ ಮಾತ್ರ ಆ ಕಡೆ ಬಂದಾಗಲೆಲ್ಲ ಸೈಕಲ್ಲು ನಿಲ್ಲಿಸಿ ಒಂದೆಲೆ ಮೀನು ತಿಂದು, ಗೋಡೆಯ ಹಳದಿ ಮಾಸಿದೆಯಾ ಎಂದು ಬೆರಳಿನಿಂದ ಉಜ್ಜಿ ನೋಡಿ ಹೋಗುತ್ತಿದ್ದ.

ಆ ದೀಪದಿಂದ ಯಾರೂ ಎಣಿಸದ ಒಂದು ಸಂಗತಿ ನಡೆಯಿತು. ಅವರೆಕಾಯಿಯ ಕಾಲ ಬಂದಾಗ ಬೀದಿಯ ಹೆಂಗಸರು ಮೊರ ತೆಗೆದುಕೊಂಡು ಬಂದು ಆ ಬೆಳಕಿನಲ್ಲಿ ಕೂತು ಕಾಯಿ ಸುಲಿಯತೊಡಗಿದರು. ಮೊದಮೊದಲು ಇಬ್ಬರೋ ಮೂವರೋ ಇದ್ದರು, ಆಮೇಲೆ ಜಗಲಿಯ ಉದ್ದಕ್ಕೂ ತುಂಬಿಕೊಂಡರು. ಗೋಡೆಯ ಈಚೆ ಹೆಂಡತಿ ಕೂತಿದ್ದಾಳೆಂದು ತಿಳಿದ ಗಂಡಸರು ಎರಡನೇ ಮಡಕೆಗೆ ಕೈ ಚಾಚುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡುವಂತಾಯಿತು. ಹಾಡು ಅತಿಯಾದರೆ ಹೊರಗಿನಿಂದ ಯಾರಾದರೊಬ್ಬಳು, "ಸಾಕು ಬಾರಯ್ಯೋ, ಮುದ್ದೆ ಆರೋಯ್ತದೆ," ಎಂದು ಕೂಗುತ್ತಿದ್ದಳು. ಒಳಗೆ ಯಾರ ಹೆಂಡತಿಯ ದನಿ ಅದು ಅನ್ನುವುದಕ್ಕೆ ಸಣ್ಣದೊಂದು ವಾದವೇ ನಡೆದು, ಆ ದನಿಯ ಗಂಡ ಪಂಚೆ ಕೊಡವಿಕೊಂಡು ಎದ್ದು ಬರುತ್ತಿದ್ದ. ಅಂಜನಮ್ಮ ಅವನ ಕೈಗೆ, ಹೆಂಡತಿ ಸುಲಿದಿಟ್ಟ ಅವರೆಕಾಳಿನ ಮೊರ ಕೊಟ್ಟು ಮನೆಗೆ ಕಳಿಸುತ್ತಿದ್ದಳು.